ಮಣ್ಣಿನ ಕಾರ್ಡಿನಲ್ಲಿ ‘ಸಾವಯವ ಇಂಗಾಲ 0.38’ ಅಂತ ಬಂದಿದೆ. ಮಗಳ ಪಾಠದಲ್ಲಿರುವ ಇಂಗಾಲವೂ ಇದೇನಾ?

ಕೂಳೆಕಬ್ಬು, ಮುಧೋಳ ತಾಲ್ಲೂಕು

ಎಲ್ಲರಿಗೂ ಶರಣು.

ಘಟಪ್ರಭೆಯ ದಂಡೆಗೆ ನಮ್ಮದು ಮೂರು ಎಕರೆ ಎರೆಹೊಲ. ಪೂರ್ತಿ ಕಬ್ಬು. ಹೋದ ತಿಂಗಳು ಸಾಲುಗಳ ನಡುವೆ ಮಣ್ಣು ತೆಗೆದು ಪರೀಕ್ಷೆಗೆ ಕೊಟ್ಟಿದ್ದೆ. ಮೊನ್ನೆ ಕಾರ್ಡು ಕೈಗೆ ಬಂತು. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ನನಗೆ ಗೊತ್ತಿರುವ ಹೆಸರುಗಳು. ಗೊಬ್ಬರದ ಚೀಲದ ಮೇಲೆ ದಿನಾ ನೋಡುತ್ತೇವೆ. ಆದರೆ ಅವುಗಳ ಮೇಲೆ ಇನ್ನೊಂದು ಸಾಲಿತ್ತು. ‘ಸಾವಯವ ಇಂಗಾಲ ಶೇ 0.38. ಕಡಿಮೆ.’

ಅವತ್ತು ರಾತ್ರಿಯೇ ಮಗಳು ಹತ್ತನೇ ತರಗತಿಯ ವಿಜ್ಞಾನ ಓದುತ್ತಾ ಕೂತಿದ್ದಳು. ಅವಳದ್ದೂ ಇಂಗಾಲದ ಪಾಠ. ಕಾರ್ಡು ಇಸಿದುಕೊಂಡು ನೋಡಿದಳು. ಆಮೇಲೆ ಕೇಳಿದಳು: “ಅಪ್ಪಾ, ಟಿವಿಯವರು ಇಂಗಾಲ ಜಾಸ್ತಿಯಾಗಿ ಭೂಮಿ ಕಾಯುತ್ತಿದೆ ಅಂತಾರೆ. ನಿನ್ನ ಕಾರ್ಡಿನವರು ಇಂಗಾಲ ಕಡಿಮೆ ಇದೆ, ಹೆಚ್ಚು ಮಾಡು ಅಂತಾರೆ. ನಮ್ಮ ಪುಸ್ತಕದಲ್ಲಿ ಜೀವ ಇರುವುದೆಲ್ಲಾ ಇಂಗಾಲದಿಂದ ಆಗಿದ್ದು ಅಂತಿದೆ. ಮೂರೂ ಒಂದೇ ಇಂಗಾಲಾನಾ?”

ನನಗೆ ಉತ್ತರ ಹೇಳಲು ಆಗಲಿಲ್ಲ. ನಾನು ಓದಿದ್ದು ಏಳನೇ ತರಗತಿ. ಅವಳಿಗೆ ಸುಮ್ನೆ ಏನೋ ಒಂದು ಹೇಳಿ ಮಲಗಿಸಲು ಮನಸ್ಸು ಬರಲಿಲ್ಲ. ನಾಳೆ ಕೇಳಿ ಹೇಳುತ್ತೇನೆ ಅಂದಿದ್ದೇನೆ.

ನನ್ನದೂ ಎರಡು ಪ್ರಶ್ನೆ ಇವೆ. ನಮ್ಮ ಮಣ್ಣು ಕಾಡಿಗೆಯಂತೆ ಕಪ್ಪು. ಇಂಗಾಲ ಅಂದರೆ ಇದ್ದಿಲು, ಅದೂ ಕಪ್ಪು. ಹಾಗಿದ್ದರೆ ಈ ಮಣ್ಣಿನಲ್ಲಿ ಇಂಗಾಲ ಕಡಿಮೆ ಹೇಗೆ?

ಇನ್ನೊಂದು ರವದಿಯದ್ದು, ಅಂದರೆ ಕಬ್ಬಿನ ಒಣಗಿದ ಗರಿಯದ್ದು. ನಮ್ಮ ಕಡೆ ಕಟಾವು ಆದ ಮೇಲೆ ರವದಿಗೆ ಬೆಂಕಿ ಹಚ್ಚುವುದು ರೂಢಿ. ಬೂದಿಯೂ ಗೊಬ್ಬರವೇ ಅಂತ ಹಿರಿಯರು ಹೇಳುತ್ತಾರೆ. ಹೋದ ವರ್ಷ ನಾನೂ ಹಚ್ಚಿದೆ. ನಡುವೆ ಗಾಳಿ ತಿರುಗಿತು. ಬೆಂಕಿ ಬದುವಿಗೆ ಹೋಗಿ ಪಕ್ಕದ ಹೊಲದವರ ಬೇವಿನ ಮರ ಅರ್ಧ ಸುಟ್ಟಿತು. ಅವರು ಒಂದು ಮಾತೂ ಅನ್ನಲಿಲ್ಲ. ಆದರೆ ಆ ಮರ ಇವತ್ತಿಗೂ ಒಂದು ಮಗ್ಗುಲು ಚಿಗುರಿಲ್ಲ. ಹೊಲಕ್ಕೆ ಹೋದಾಗಲೆಲ್ಲ ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಸಲ ಕಟಾವಿಗೆ ಇನ್ನು ಹದಿನೈದು ದಿನ ಇದೆ. ರವದಿ ಸುಡದಿದ್ದರೆ ಆ 0.38 ಏರುತ್ತದಾ? ಗೊತ್ತಿದ್ದವರು ಬಿಡಿಸಿ ಹೇಳಿ. ಮಗಳಿಗೂ ಓದಿ ಹೇಳುತ್ತೇನೆ.

ಹಳೆಯ ಮಾಸ್ತರ, ವಿಜಯಪುರ

ನಿಮ್ಮ ಮಗಳ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಂದಗಿ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ವಿಜ್ಞಾನ ಕಲಿಸಿದ್ದೇನೆ. ಹೊಲ, ಟಿವಿ, ಪುಸ್ತಕ ಮೂರನ್ನೂ ಹೀಗೆ ಒಟ್ಟಿಗೆ ಇಟ್ಟು ಕೇಳಿದ ಮಕ್ಕಳು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಅವಳಿಗೆ ಮೊದಲು ಇದನ್ನು ಹೇಳಿ: ಹೌದು, ಮೂರೂ ಒಂದೇ. ಕಾರ್ಡಿನ ಇಂಗಾಲ, ಹೊಗೆಯ ಇಂಗಾಲ, ಅವಳ ಉಗುರಿನ ಇಂಗಾಲ, ಪರಮಾಣು ಒಂದೇ ಜಾತಿ. ಅದು ಯಾರ ಕೈ ಹಿಡಿದು ಎಲ್ಲಿ ಕೂತಿದೆ ಅನ್ನುವುದಷ್ಟೇ ಬೇರೆ.

ಈ ‘ಕೈ ಹಿಡಿಯುವುದು’ ಅರ್ಥವಾದರೆ ಉಳಿದಿದ್ದು ಸಲೀಸು. ನಾನು ತರಗತಿಯಲ್ಲಿ ಮಾಡಿಸುತ್ತಿದ್ದುದನ್ನೇ ಹೇಳುತ್ತೇನೆ. ಇವತ್ತು ರಾತ್ರಿ ಒಂದು ಹಿಡಿ ಕಡಲೆ, ಒಂದು ಹಿಡಿ ಹೆಸರುಕಾಳು ನೆನೆ ಹಾಕಿ. ಬೆಳಿಗ್ಗೆ ಕಸಬರಿಗೆಯ ಕಡ್ಡಿಯನ್ನು ಚಿಕ್ಕದಾಗಿ ಮುರಿದುಕೊಳ್ಳಿ. ಕಡಲೆ ಅಂದರೆ ಇಂಗಾಲ. ಅದಕ್ಕೆ ನಾಲ್ಕು ಕಡ್ಡಿ ಚುಚ್ಚಬೇಕು. ಹೆಸರುಕಾಳು ಜಲಜನಕ, ಅದಕ್ಕೆ ಒಂದೇ ಕಡ್ಡಿ.

ನಾಲ್ಕೇ ಯಾಕೆ? ಇಂಗಾಲದ ಪರಮಾಣುವಿನಲ್ಲಿ 6 ಎಲೆಕ್ಟ್ರಾನುಗಳಿವೆ. ಒಳಸುತ್ತಿನಲ್ಲಿ 2, ಹೊರಸುತ್ತಿನಲ್ಲಿ 4. ಹೊರಸುತ್ತು ತುಂಬಲು 8 ಬೇಕು. ಇರುವ ನಾಲ್ಕನ್ನು ಬಿಟ್ಟುಕೊಡೋಣ ಅಂದರೆ ಬಹಳ ಶಕ್ತಿ ಬೇಕು. ಇನ್ನೂ ನಾಲ್ಕನ್ನು ಎಳೆದುಕೊಳ್ಳೋಣ ಅಂದರೆ, ನಡುವಿನ 6 ಪ್ರೋಟಾನುಗಳಿಗೆ 10 ಎಲೆಕ್ಟ್ರಾನುಗಳನ್ನು ಹಿಡಿದಿಡುವ ಬಲವಿಲ್ಲ. ಕೊಡಲೂ ಆಗದು, ಕಸಿಯಲೂ ಆಗದು. ಹಾಗಾಗಿ ಪಾಲು. ಒಂದು ಹೊಲವನ್ನು ಇಬ್ಬರು ಸೇರಿ ಪಾಲಿಗೆ ಮಾಡುತ್ತೇವಲ್ಲ, ಹಾಗೆ ಒಂದು ಜೋಡಿ ಎಲೆಕ್ಟ್ರಾನು ಇಬ್ಬರಿಗೂ ಸೇರಿದ್ದು. ಇಂಗಾಲ ಅಂಥ ನಾಲ್ಕು ಪಾಲು ಮಾಡಿಕೊಳ್ಳುತ್ತದೆ.

ಕಡ್ಡಿಗಳನ್ನು ಕೂಡಿಸುವ ಗುರುತಿನಂತೆ ಚಪ್ಪಟೆಯಾಗಿ ಚುಚ್ಚಬೇಡಿ. ಮೂರು ಕಡ್ಡಿ ನೆಲಕ್ಕೆ ಊರಿ ಒಂದು ಮೇಲಕ್ಕೆ ನಿಲ್ಲಬೇಕು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೇ ಇರುವ ನೆಗ್ಗಿನಮುಳ್ಳಿನ ಹಾಗೆ. ಈಗ ನಾಲ್ಕೂ ಕಡ್ಡಿಯ ತುದಿಗೆ ಹೆಸರುಕಾಳು ಸಿಕ್ಕಿಸಿದರೆ ಅದು ಮೀಥೇನ್. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಇದೇ.

ಒಂದು ಕಡ್ಡಿಯಿಂದ ಹೆಸರುಕಾಳು ತೆಗೆದು ಅಲ್ಲಿ ಇನ್ನೊಂದು ಕಡಲೆ ಸಿಕ್ಕಿಸಿ. ಅದಕ್ಕೆ ಮತ್ತೊಂದು. ಹೀಗೆ ಸರಪಳಿ ಬೆಳೆಯುತ್ತಲೇ ಹೋಗುತ್ತದೆ. ಇಂಗಾಲ ಇಂಗಾಲಕ್ಕೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಇದೇ ಅದರ ದೊಡ್ಡ ಗುಣ. ಪರಮಾಣು ಚಿಕ್ಕದು, ಹಾಗಾಗಿ ಹಿಡಿತ ಬಿಗಿ. ಸರಪಳಿ ನೇರ ಇರಬಹುದು, ಕವಲು ಒಡೆಯಬಹುದು, ಬಳೆಯ ಹಾಗೆ ಸುತ್ತಿಕೊಳ್ಳಬಹುದು. ಎರಡು ಕಡಲೆಗಳ ನಡುವೆ ಒಂದರ ಬದಲು ಎರಡು ಕಡ್ಡಿಯೂ ಬರಬಹುದು.

ಆ ಒಂದು ಕಡ್ಡಿ ಹೆಚ್ಚಾದರೆ ಏನಾಗುತ್ತದೆ ಅಂತ ಅಡುಗೆಮನೆಯಲ್ಲೇ ನೋಡಬಹುದು. ನಮ್ಮ ವಿಜಯಪುರದ ಕುಸುಬಿ ಎಣ್ಣೆಯಲ್ಲಿ ಹೆಚ್ಚಿನ ಪಾಲು 18 ಇಂಗಾಲದ ಸರಪಳಿ, ಅದರಲ್ಲಿ ಎರಡು ಕಡೆ ಜೋಡಿ ಕಡ್ಡಿ. ಜೋಡಿ ಕಡ್ಡಿ ಇರುವಲ್ಲಿ ಸರಪಳಿ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಳ್ಳಲಾರವು. ಅದಕ್ಕೇ ಡಿಸೆಂಬರಿನ ಚಳಿಯಲ್ಲೂ ಕುಸುಬಿ ಎಣ್ಣೆ ನೀರಾಗಿಯೇ ಇರುತ್ತದೆ. ಕೊಬ್ಬರಿ ಎಣ್ಣೆಯದ್ದು ಬಹುಪಾಲು ನೇರ ಸರಪಳಿ. ಕಟ್ಟಿಗೆ ಪೇರಿಸಿದ ಹಾಗೆ ಕೂತು ಗಟ್ಟಿಯಾಗುತ್ತದೆ. ಇಂಗಾಲ, ಜಲಜನಕ, ಆಮ್ಲಜನಕ ಎರಡರಲ್ಲೂ ಅವೇ. ಜೋಡಣೆ ಮಾತ್ರ ಬೇರೆ.

ಜೀವಕ್ಕೆ ಬೇಕಾಗಿದ್ದೂ ಇದೇ ಅಲ್ವಾ? ನೂರಾರು, ಸಾವಿರಾರು ಕೊಂಡಿಗಳಷ್ಟು ಉದ್ದ ಕಟ್ಟಬಲ್ಲ, ಕಟ್ಟಿದ್ದು ಸುಮ್ಮನೆ ಕಳಚಿ ಬೀಳದ, ಆದರೆ ಬೇಕಾದಾಗ ಬಿಚ್ಚಬಲ್ಲ ವಸ್ತು. ಕಬ್ಬಿನ ನಾರು, ಸಕ್ಕರೆ, ಹಾಲಿನ ಕೆನೆ, ಮಾಂಸ, ಕೂದಲು, ತಂದೆತಾಯಿಯ ಗುಣವನ್ನು ಮಕ್ಕಳಿಗೆ ಸಾಗಿಸುವ ಡಿಎನ್‌ಎ ಎಲ್ಲದರ ಬೆನ್ನೆಲುಬು ಇಂಗಾಲ. ನಮ್ಮ ಮೈತೂಕದಲ್ಲಿ ಸುಮಾರು ಶೇ 18ರಷ್ಟು ಅದೇ. ನಿಮ್ಮ ಮಗಳು 40 ಕಿಲೋ ಇದ್ದರೆ ಅದರಲ್ಲಿ ಏಳು ಕಿಲೋ ಇಂಗಾಲ.

ಸಿಲಿಕಾನಿಗೂ ನಾಲ್ಕು ಕೈ ಇವೆ, ಜೀವ ಅದನ್ನೇಕೆ ಹಿಡಿಯಲಿಲ್ಲ ಅಂತ ಒಬ್ಬ ಹುಡುಗ ಒಮ್ಮೆ ಕೇಳಿದ್ದ. ನನಗೆ ಬಹಳ ಇಷ್ಟವಾದ ಪ್ರಶ್ನೆ ಅದು. ಸಿಲಿಕಾನ್ ಪರಮಾಣು ದೊಡ್ಡದು, ತನ್ನವರ ಕೈಯನ್ನು ಸಡಿಲವಾಗಿ ಹಿಡಿಯುತ್ತದೆ. ಆಮ್ಲಜನಕ ಸಿಕ್ಕರೆ ಸಾಕು, ಅದಕ್ಕೇ ಅಂಟಿ ಮರಳಾಗುತ್ತದೆ. ಭೀಮಾ ತೀರದ ಮರಳು ಅದೇ. ಇಂಗಾಲ ಆಮ್ಲಜನಕದ ಜೊತೆ ಸೇರಿದರೆ ಗಾಳಿಯಾಗುತ್ತದೆ. ಗಾಳಿಯಾದರೆ ಊರೂರು ತಿರುಗುತ್ತದೆ, ನೀರಿನಲ್ಲಿ ಕರಗುತ್ತದೆ, ಎಲೆಯೊಳಗೆ ಹೋಗುತ್ತದೆ, ನಮ್ಮ ಮೂಗಿನಿಂದ ಹೊರಬರುತ್ತದೆ. ಮರಳನ್ನು ಉಸಿರಾಡಲು ಆಗುತ್ತದಾ? ಹಾಗಂತ ಕಬ್ಬಿಗೆ ಸಿಲಿಕಾನ್ ಬೇಡವೇ ಬೇಡ ಅಂತಲ್ಲ. ರವದಿ ಸುಲಿಯುವಾಗ ಗರಿಯ ಅಂಚು ಕೈ ಕೊಯ್ಯುತ್ತದಲ್ಲ, ಆ ಹರಿತಕ್ಕೆ ಅಲ್ಲಿ ಕೂತ ಸಿಲಿಕಾ ಕಾರಣ.

ಈಗ ನಿಮ್ಮ ಹೊಲಕ್ಕೆ ಬರೋಣ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಎಕರೆಗೆ 40 ಟನ್ ಕಬ್ಬು ಅಂದುಕೊಳ್ಳಿ. ಅದರಲ್ಲಿ ಹತ್ತಿರ ಹತ್ತಿರ ಶೇ 70 ನೀರು. ಉಳಿದ ಒಣ ಭಾಗ 12 ಟನ್. ಒಣ ಭಾಗದಲ್ಲಿ ಶೇ 40ಕ್ಕಿಂತ ಸ್ವಲ್ಪ ಮೇಲೆ ಇಂಗಾಲ. ಅಂದರೆ 5 ಟನ್. ಈ 5 ಟನ್ ಎಲ್ಲಿಂದ ಬಂತು? ಗೊಬ್ಬರದಿಂದಲ್ಲ, ಮಣ್ಣಿನಿಂದಲೂ ಅಲ್ಲ. ಗಾಳಿಯಿಂದ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಬರೀ ಶೇ 0.04. ಅಷ್ಟು ತೆಳುವಾಗಿ ಹರಡಿದ್ದನ್ನು ಬಿಸಿಲಿನ ಬಲದಿಂದ ಆರಿಸಿ ಆರಿಸಿ ಐದು ಟನ್ ಕೂಡಿಸುತ್ತದೆ ನಿಮ್ಮ ಬೆಳೆ. ಇಷ್ಟು ವರ್ಷ ಪಾಠ ಮಾಡಿದರೂ ಇದನ್ನು ನೆನೆದಾಗ ನನ್ನ ಮೈ ಇವತ್ತಿಗೂ ಜುಂ ಅನ್ನುತ್ತದೆ.

ಇನ್ನು ಮಣ್ಣಿನ ಲೆಕ್ಕ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಶೇ 0.38 ಅಂದರೆ 3.4 ಟನ್. ನೋಡಿ, ನಿಮ್ಮ ಮೇಲ್ಮಣ್ಣಿನಲ್ಲಿ ಇಷ್ಟು ವರ್ಷಗಳಿಂದ ಉಳಿದಿರುವ ಸಾವಯವ ಇಂಗಾಲ ಎಲ್ಲ ಸೇರಿಸಿದರೂ, ಒಂದೇ ವರ್ಷದ ಕಬ್ಬು ಗಾಳಿಯಿಂದ ಎಳೆದದ್ದಕ್ಕಿಂತ ಕಡಿಮೆ. ಕಬ್ಬು ಕಾರ್ಖಾನೆಗೆ ಹೋಗುತ್ತದೆ, ಗಾಣಕ್ಕೆ ಹೋಗುತ್ತದೆ, ಅದು ಸರಿ. ನಿಮ್ಮ ಹೊಲದಲ್ಲಿ ಉಳಿಯುವುದು ಬೇರು ಮತ್ತು ರವದಿ. ರವದಿಗೂ ಬೆಂಕಿ ಇಟ್ಟರೆ ಮಣ್ಣಿನ ಪಾಲಿಗೆ ಬೇರು ಮಾತ್ರ.

ಗಿಡದ ತೂಕ ಮಣ್ಣಿನಿಂದ ಬರುತ್ತದೆ ಅಂತಲೇ ಜನ ಬಹಳ ಕಾಲ ನಂಬಿದ್ದರು. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಅನ್ನುವವರು ತೂಕ ಮಾಡಿ ನೋಡಿದರು. ಅವರ ಬರಹ ಅಚ್ಚಾಗಿದ್ದು 1648ರಲ್ಲಿ. 90 ಕಿಲೋ ಒಣಮಣ್ಣಿನ ಕುಂಡದಲ್ಲಿ ಎರಡು ಕಿಲೋ ಚಿಲ್ಲರೆಯ ಒಂದು ವಿಲ್ಲೊ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದರು. ಮರ 76 ಕಿಲೋ ಮೀರಿತು. ಮಣ್ಣು ಕಡಿಮೆಯಾಗಿದ್ದು 60 ಗ್ರಾಮಿಗೂ ಒಳಗೆ. ಹಾಗಾದರೆ ಎಲ್ಲ ನೀರಿನಿಂದಲೇ ಬಂತು ಅಂದುಕೊಂಡರು. ಗಾಳಿಯ ಪಾಲು ಆಗ ಅವರಿಗೆ ಕಾಣಲಿಲ್ಲ.

ಬೂದಿಯೂ ಗೊಬ್ಬರ ಅನ್ನುವುದು ಅರ್ಧ ನಿಜ. ಸುಟ್ಟಾಗ ಪೊಟ್ಯಾಷ್, ಸುಣ್ಣದ ಅಂಶ ಬೂದಿಯಲ್ಲಿ ಉಳಿಯುತ್ತವೆ. ಇಂಗಾಲ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತದೆ. ಸಾರಜನಕವೂ ಬಹುಪಾಲು ಹೋಗುತ್ತದೆ, ಗಂಧಕವೂ ಹೋಗುತ್ತದೆ. ನೀವು ದುಡ್ಡು ಕೊಟ್ಟು ಹಾಕಿದ ಯೂರಿಯಾದ ಪಾಲು ಅದರಲ್ಲಿರುತ್ತದೆ.

ಟಿವಿಯ ಮಾತಿಗೂ ಉತ್ತರ ಇಲ್ಲೇ ಇದೆ. ಕಬ್ಬು ಎಳೆದ ಇಂಗಾಲ ಮತ್ತೆ ಗಾಳಿಗೆ ಹೋದರೆ ಅದು ಹಳೆಯ ಸುತ್ತು. ಆದರೆ ಕಲ್ಲಿದ್ದಲು, ಡೀಸೆಲ್ ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ನೆಲದೊಳಗೆ ಹೂತುಹೋದ ಜೀವಿಗಳ ಇಂಗಾಲ. ಅದನ್ನು ಸುಮಾರು ಇನ್ನೂರು ವರ್ಷಗಳಲ್ಲಿ ಅಗೆದು ಅಗೆದು ಸುಟ್ಟೆವು. ಗಾಳಿಯ 10 ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ನೆಲದಿಂದ ಏಳುವ ಕಾವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ಜಾಸ್ತಿಯಾಯಿತು, ಮಣ್ಣಿನಲ್ಲಿ ಕಡಿಮೆಯಾಯಿತು. ಮಗಳು ಕೇಳಿದ್ದು ಸರಿಯಾಗಿಯೇ ಇದೆ.

ವಜ್ರ, ಪೆನ್ಸಿಲ್ ವಿಚಾರ ಪುಸ್ತಕದಲ್ಲಿ ಚೆನ್ನಾಗಿಯೇ ಇದೆ, ಬಿಡುತ್ತೇನೆ. ಕೊನೆಗೆ ಒಂದು ಪ್ರಯೋಗ, ನೀವು ಪಕ್ಕದಲ್ಲಿ ಇದ್ದು ಮಾಡಿಸಿ. ಹಳೆಯ ಕಬ್ಬಿಣದ ಸೌಟಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ ಒಲೆಯ ಮೇಲೆ ಹಿಡಿಯಿರಿ. ಕರಗಿ, ಕೆಂಪಾಗಿ, ಆಮೇಲೆ ಹೊಗೆಯಾಡುತ್ತದೆ. ಆಗ ಮೇಲೆ ಒಂದು ತಣ್ಣನೆಯ ತಟ್ಟೆ ಹಿಡಿದರೆ ಅದಕ್ಕೆ ನೀರಿನ ಹನಿ ಕಟ್ಟುತ್ತದೆ. ಸೌಟಿನಲ್ಲಿ ಉಳಿಯುವ ಕಪ್ಪು ಇಂಗಾಲ. ಬೆಳ್ಳಗಿನ ಒಂದು ಕಿಲೋ ಸಕ್ಕರೆಯಲ್ಲಿ 420 ಗ್ರಾಂ ಇಂಗಾಲ ಅಡಗಿದೆ ಅಂತ ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ಸೌಟು ನೋಡಿದರೆ ನಂಬುತ್ತಾರೆ.

ಜರಡಿ, ಬಾಗಲಕೋಟೆ

ಮಾಸ್ತರರು ಬರೆದ ಮೇಲೆ ನನಗೆ ಉಳಿದದ್ದು ಕಪ್ಪು ಬಣ್ಣದ ಪ್ರಶ್ನೆ. ನಾನು ಮಣ್ಣು ಪರೀಕ್ಷೆಯ ಕೆಲಸ ಮಾಡುವವಳು. ಈ ಪ್ರಶ್ನೆಯನ್ನು ರೈತರು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.

ಎರೆಮಣ್ಣಿನ ಕಪ್ಪು ನಂಬಿ ಮೋಸ ಹೋಗಬೇಡಿ. ನಮ್ಮ ಕಡೆಯ ಎರೆಮಣ್ಣು ಹೆಚ್ಚಾಗಿ ಬಸಾಲ್ಟ್ ಕಲ್ಲು ಸವೆದು ಆದದ್ದು. ಆ ಕಲ್ಲಿನಲ್ಲಿ ಕಬ್ಬಿಣ ಮತ್ತು ಟೈಟಾನಿಯಂ ಇರುವ ಕಪ್ಪು ಖನಿಜಗಳಿವೆ. ಜೊತೆಗೆ ಈ ಅಂಟು ಜೇಡಿ ಹ್ಯೂಮಸ್ಸನ್ನು, ಅಂದರೆ ಎಲೆ ಬೇರು ಕೊಳೆತು ಉಳಿಯುವ ಕಪ್ಪು ಪದಾರ್ಥವನ್ನು, ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸ್ವಲ್ಪವೇ ಇದ್ದರೂ ಇಡೀ ಮಣ್ಣು ಕಪ್ಪು ಕಾಣುತ್ತದೆ. ಹಾಗಾಗಿ ಕಾಡಿಗೆಯಂಥ ಮಣ್ಣಿನಲ್ಲೂ 0.3, 0.4 ಬರುವುದು ಹೊಸದಲ್ಲ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಇದ್ದರೆ ಹೆಚ್ಚು ಅಂತ ಕಾರ್ಡಿನಲ್ಲಿ ಬರೆಯುತ್ತೇವೆ.

ಅಳೆಯುವುದು ಹೇಗೆ ಅಂತ ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗಬಹುದು. ಮಣ್ಣಿಗೆ ಪೊಟ್ಯಾಷಿಯಂ ಡೈಕ್ರೋಮೇಟ್ ಅನ್ನುವ ಕಿತ್ತಳೆ ಬಣ್ಣದ ದ್ರಾವಣ ಹಾಕಿ, ಮೇಲೆ ಗಟ್ಟಿ ಗಂಧಕಾಮ್ಲ ಸುರಿಯುತ್ತೇವೆ. ಕೊಳವೆ ಸುಡುವಷ್ಟು ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಡೈಕ್ರೋಮೇಟು ಮಣ್ಣಿನ ಸಾವಯವ ಇಂಗಾಲವನ್ನು ಸುಡುತ್ತದೆ. ಇಂಗಾಲ ಜಾಸ್ತಿ ಇದ್ದಷ್ಟೂ ಕಿತ್ತಳೆ ಹೋಗಿ ಹಸಿರಾಗುತ್ತದೆ. ಎಷ್ಟು ಡೈಕ್ರೋಮೇಟು ಉಳಿಯಿತು ಅಂತ ಅಳೆದು, ಎಷ್ಟು ಇಂಗಾಲ ಇತ್ತು ಅಂತ ಲೆಕ್ಕ ಹಾಕುತ್ತೇವೆ. ವಾಕ್ಲಿ ಮತ್ತು ಬ್ಲ್ಯಾಕ್ ಅನ್ನುವ ಇಬ್ಬರು 1934ರಲ್ಲಿ ಕೊಟ್ಟ ವಿಧಾನ ಇದು.

ಈ ಪರೀಕ್ಷೆಗೆ ಸಿಗದ ಇನ್ನೊಂದು ಇಂಗಾಲವೂ ನಿಮ್ಮ ಹೊಲದಲ್ಲಿ ಇದೆ. ನೇಗಿಲು ಆಳಕ್ಕೆ ಹೋದಾಗ ಬಿಳಿ ಸುಣ್ಣದ ಹರಳುಗಳು ಮೇಲೆ ಬರುತ್ತವಲ್ಲ, ಅವು ಕ್ಯಾಲ್ಸಿಯಂ ಕಾರ್ಬೊನೇಟ್. ಲೋಕಾಪುರ ಕಡೆಯ ಸುಣ್ಣಕಲ್ಲೂ ಅದೇ. ಅದರಲ್ಲಿ ಇಂಗಾಲ ಶೇ 12ರಷ್ಟಿದೆ. ಆದರೆ ಅದು ಕಲ್ಲಾಗಿ ಕೂತ ಇಂಗಾಲ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಹಾರವಾಗಿ ತಿನ್ನಲಾರವು. ಒಂದು ಹರಳಿನ ಮೇಲೆ ನಿಂಬೆರಸ ಹಿಂಡಿ, ಸಣ್ಣ ಗುಳ್ಳೆ ಏಳುತ್ತದೆ. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ನಮ್ಮ ಕಾರ್ಡಿನಲ್ಲಿ ‘ಸಾವಯವ’ ಅಂತ ಒತ್ತಿ ಬರೆಯುವುದು ಇದಕ್ಕೇ.

0.38 ಬಂದಾಕ್ಷಣ ಹೆದರಬೇಡಿ, ಆದರೆ ಒಂದೇ ವರ್ಷದಲ್ಲಿ 0.6 ಆಗುತ್ತದೆ ಅಂತಲೂ ಕಾಯಬೇಡಿ. ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಬಿಸಿ ಮಣ್ಣು, ಮೇಲೆ ನೀರು, ಮತ್ತೆ ಮತ್ತೆ ಉಳುಮೆ. ಸೂಕ್ಷ್ಮಜೀವಿಗಳು ಇದ್ದಬದ್ದ ಇಂಗಾಲವನ್ನು ಬೇಗ ತಿಂದು ಗಾಳಿಗೆ ಬಿಡುತ್ತವೆ. ಎಕರೆಗೆ ಸಿಗುವ ರವದಿ ಮೂರೂವರೆ ಟನ್ ಅಂದುಕೊಂಡರೆ ಅದರಲ್ಲಿ ಒಂದೂವರೆ ಟನ್ ಇಂಗಾಲ. ಕೊಳೆಯುವಾಗ ಹೆಚ್ಚಿನದು ಹಾರಿಹೋಗುತ್ತದೆ, ಸ್ವಲ್ಪವೇ ಹ್ಯೂಮಸ್ಸಾಗಿ ನಿಲ್ಲುತ್ತದೆ. ವರ್ಷ ವರ್ಷ ಬಿಡದೆ ಮಾಡಿದರೆ ಮಾತ್ರ ಕಾರ್ಡಿನಲ್ಲಿ ಕಾಣುತ್ತದೆ. ಆದರೆ ಕಾರ್ಡಿಗಿಂತ ಮೊದಲು ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಮಣ್ಣು ಹೆಂಟೆ ಕಟ್ಟುವುದು ಕಡಿಮೆಯಾಗುತ್ತದೆ, ತೇವ ಎರಡು ದಿನ ಜಾಸ್ತಿ ನಿಲ್ಲುತ್ತದೆ.

ಮುಂದಿನ ಸಲ ಮಣ್ಣು ತೆಗೆಯುವಾಗ ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆ ಇದ್ದ ಜಾಗದಲ್ಲಿ ತೆಗೆಯಬೇಡಿ. ಆ ಬೇವಿನ ಮರದ ಬುಡ ಬಿಟ್ಟೇ ತೆಗೆಯಿರಿ.

ತಿಪ್ಪೆಗೊಬ್ಬರ, ರಾಯಬಾಗ

ನಾನು ನಾಲ್ಕು ವರ್ಷದಿಂದ ರವದಿ ಸುಟ್ಟಿಲ್ಲ. ಅನುಭವ ಹೇಳುತ್ತೇನೆ, ಒಳ್ಳೆಯದೂ ಕೆಟ್ಟದ್ದೂ.

ಮೊದಲ ವರ್ಷ ಪೆಟ್ಟು ತಿಂದೆ. ರವದಿ ಸಾಲಿನಲ್ಲಿ ಹಾಸಿ ನೀರು ಬಿಟ್ಟು ಕೈತೊಳೆದುಕೊಂಡೆ. ಒಂದು ತಿಂಗಳಿಗೆ ಕೂಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು, ಹಳದಿಯಾಗಿ ನಿಂತಿತು. ಊರಿನವರು ಸುಡದೆ ಕೆಡಿಸಿದೆ ಅಂದರು. ಆಮೇಲೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದಾಗ ಕಾರಣ ತಿಳಿಯಿತು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಮೈ ಬೆಳೆಸಿಕೊಳ್ಳಲು ಸಾರಜನಕವೂ ಬೇಕು. ರವದಿಯಲ್ಲಿ ಸಿಗದಿದ್ದರೆ ಮಣ್ಣಿನಲ್ಲಿರುವುದನ್ನು ಎಳೆದುಕೊಳ್ಳುತ್ತವೆ. ಕಬ್ಬು ಉಪವಾಸ ಬೀಳುತ್ತದೆ. ಅವು ಸತ್ತ ಮೇಲೆ ಆ ಸಾರಜನಕ ಮಣ್ಣಿಗೆ ವಾಪಸ್ ಬರುತ್ತದೆ, ಆದರೆ ಕೂಳೆಗೆ ಅಲ್ಲಿಯವರೆಗೆ ಕಾಯುವ ಶಕ್ತಿ ಇರುವುದಿಲ್ಲ.

ಎರಡನೇ ವರ್ಷದಿಂದ ಹೀಗೆ ಮಾಡುತ್ತೇನೆ. ರವದಿಯನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸುತ್ತೇನೆ. ಎಕರೆಗೆ 30 ಕಿಲೋ ಯೂರಿಯಾ, ಅಷ್ಟೇ ಸೂಪರ್ ಫಾಸ್ಫೇಟ್ ಅದರ ಮೇಲೆ ಎರಚುತ್ತೇನೆ. ಹೆಂಡಿ ಕಲಸಿದ ನೀರು ಚಿಮುಕಿಸಿ, ಆಮೇಲೆ ನೀರು ಬಿಡುತ್ತೇನೆ. ಕೂಳೆಗೆ ಕೊಡುವ ಗೊಬ್ಬರ ಬೇರೆ, ಇದು ಸೂಕ್ಷ್ಮಜೀವಿಗಳ ಪಾಲು. ಹಳದಿ ಮತ್ತೆ ಬಂದಿಲ್ಲ. ಕಳೆ ಕೀಳುವ ಆಳು ಅರ್ಧ ಉಳಿದಿದೆ. ಹೋದ ಮೇ ತಿಂಗಳಲ್ಲಿ ಕಾಲುವೆ ನೀರು ತಡವಾದಾಗ ನನ್ನ ಕೂಳೆ ಮಧ್ಯಾಹ್ನಕ್ಕೂ ಬಾಡದೆ ನಿಂತಿತ್ತು.

ಕೆಟ್ಟದ್ದೂ ಇದೆ. ಇಲಿ ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. ನೀರು ಕಟ್ಟಲು ರಾತ್ರಿ ಹೋಗುವವರು ಬೂಟು, ಬ್ಯಾಟರಿ ಇಲ್ಲದೆ ಹೋಗಬಾರದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ಕೂಳೆಕಬ್ಬು, ಮುಧೋಳ ತಾಲ್ಲೂಕು

ಮೂವರಿಗೂ ಕೈಮುಗಿದು ಹೇಳುತ್ತೇನೆ, ಬಹಳ ಉಪಕಾರವಾಯಿತು. ನಿನ್ನೆ ರಾತ್ರಿ ಎಲ್ಲ ಓದಿ ಹೇಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಕಡಲೆಯ ಸರಪಳಿ ಕಟ್ಟಿ ಇಟ್ಟಿದ್ದಳು, 18 ಕಡಲೆಯದ್ದು. ಎರಡು ಕಡೆ ಜೋಡಿ ಕಡ್ಡಿ ಹಾಕಿದ್ದಾಳೆ. ಸುಣ್ಣದ ಹರಳಿಗೆ ನಿಂಬೆರಸವನ್ನೂ ಹಿಂಡಿದೆವು. ಗುಳ್ಳೆ ಬಂತು. ನಮ್ಮವ್ವ ಕೂಡ ಬಗ್ಗಿ ನೋಡಿದಳು.

ಮಾಸ್ತರೇ, ಮಗಳು ಇನ್ನೊಂದು ಕೇಳುತ್ತಿದ್ದಾಳೆ. ನಾವು ತಿಂದ ರೊಟ್ಟಿಯ ಇಂಗಾಲ ನಮ್ಮ ಮೈಯಲ್ಲೇ ಉಳಿಯುತ್ತದಾ, ಇಲ್ಲಾ ಹೊರಗೆ ಹೋಗುತ್ತದಾ?

ಹಳೆಯ ಮಾಸ್ತರ, ವಿಜಯಪುರ

ಎರಡೂ. ಹೆಚ್ಚಿನದನ್ನು ಮೈ ನಿಧಾನವಾಗಿ ಸುಟ್ಟು ಶಕ್ತಿ ತೆಗೆದುಕೊಳ್ಳುತ್ತದೆ. ಆ ಇಂಗಾಲ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ದೊಡ್ಡವರೊಬ್ಬರು ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಉಸಿರು ಬಿಡುತ್ತೇವೆ. ರವದಿ ಉರಿದು ಅದರ ಇಂಗಾಲ ಗಾಳಿಗೆ ಹೋಗುತ್ತದಲ್ಲ, ಅದೇ ಕೆಲಸ, ಹೊಗೆ ಬೆಂಕಿ ಇಲ್ಲದೆ. ಸ್ವಲ್ಪ ಇಂಗಾಲ ಕೂದಲು, ಉಗುರು, ಎಲುಬು, ಮಾಂಸ ಆಗಿ ಉಳಿಯುತ್ತದೆ.

ಉಳಿದದ್ದು ತಾನು ಎಲ್ಲಿಂದ ಬಂದೆ ಅಂತ ಗುರುತನ್ನೂ ಇಟ್ಟುಕೊಂಡಿರುತ್ತದೆ. ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಪರಮಾಣುಗಳು ಸ್ವಲ್ಪ ಹೆಚ್ಚು ತೂಕದವು, ಇಂಗಾಲ-13 ಅಂತ. ಭತ್ತ, ಗೋಧಿ, ಕಡಲೆ ಗಿಡಗಳು ಗಾಳಿಯಿಂದ ಇಂಗಾಲ ಹಿಡಿಯುವಾಗ ಈ ತೂಕದವನ್ನು ಸ್ವಲ್ಪ ಕಡಿಮೆ ಹಿಡಿಯುತ್ತವೆ. ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಬೇರೆ ದಾರಿಯಲ್ಲಿ ಹಿಡಿಯುತ್ತವೆ. ಅವು ಮೊದಲು ನಾಲ್ಕು ಇಂಗಾಲದ ವಸ್ತು ಮಾಡಿಕೊಳ್ಳುತ್ತವೆ, ಬಿಸಿಲು ಜಾಸ್ತಿ ಇರುವ ಕಡೆ ಅದರಿಂದ ಅನುಕೂಲ. ಈ ದಾರಿಯ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿದ್ದೇ ಕಬ್ಬಿನ ಎಲೆಯಲ್ಲಿ, ಹವಾಯಿ ದ್ವೀಪದಲ್ಲಿ. ಈ ಗಿಡಗಳಲ್ಲಿ ಇಂಗಾಲ-13 ಸ್ವಲ್ಪ ಜಾಸ್ತಿ ಉಳಿಯುತ್ತದೆ. ಹಾಗಾಗಿ ಒಂದು ಕೂದಲು ಅಥವಾ ಹಳೆಯ ಎಲುಬು ಪರೀಕ್ಷೆ ಮಾಡಿದರೆ ಆ ಮನುಷ್ಯ ಹೆಚ್ಚಾಗಿ ಅನ್ನ ತಿಂದವನೋ ಜೋಳದ ರೊಟ್ಟಿ ತಿಂದವನೋ ಅಂತ ಹೇಳಬಹುದು. ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಹಿಡಿಯುವುದೂ ಇದೇ ಗುರುತಿನಿಂದ.

ಮಗಳ ಜಡೆಯಲ್ಲಿ ನಿಮ್ಮ ಊರಿನ ಬಿಳಿಜೋಳದ ಗುರುತಿದೆ ಅಂತ ಹೇಳಿ.

ಕೂಳೆಕಬ್ಬು, ಮುಧೋಳ ತಾಲ್ಲೂಕು

ಹೇಳಿದೆ. ಜಡೆ ಮುಂದಕ್ಕೆ ಎಳೆದುಕೊಂಡು ನೋಡಿಕೊಂಡಳು.

ಈ ಸಲ ಬೆಂಕಿ ಹಚ್ಚುವುದಿಲ್ಲ. ಬೇವಿನ ಮರದ ಕಡೆಯ ಒಂದು ಎಕರೆಯಿಂದ ಶುರು ಮಾಡಿ, ಮೂರಕ್ಕೂ ಯೂರಿಯಾ, ಸೂಪರ್ ಫಾಸ್ಫೇಟ್ ತಂದಿಡುತ್ತೇನೆ. ರಾಯಬಾಗದ ಅಣ್ಣನವರೇ, ರವದಿ ಕತ್ತರಿಸುವುದು ಕಟಾವಾದ ಎಷ್ಟು ದಿನಕ್ಕೆ? ಯಂತ್ರ ಬಾಡಿಗೆಗೆ ಹೇಳಬೇಕು.

ತಿಪ್ಪೆಗೊಬ್ಬರ, ರಾಯಬಾಗ

ವಾರದೊಳಗೆ ಮುಗಿಸಿ. ತಡ ಮಾಡಿದರೆ ಕೂಳೆಯ ಮೊಳಕೆ ಮೇಲೆ ಬಂದು ಯಂತ್ರಕ್ಕೆ ಸಿಕ್ಕಿ ಮುರಿಯುತ್ತದೆ. ಬೆಳಿಗ್ಗೆ ಇಬ್ಬನಿಗೆ ರವದಿ ಮೆತ್ತಗಿರುತ್ತದೆ, ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಹನ್ನೊಂದು ಗಂಟೆ ಮೇಲೆ, ಗರಿಗರಿ ಒಣಗಿದಾಗ ಹೊಡೆಸಿ.